ಮೂರನೇ ಕ್ಲಾರಿನೆಟ್

ಬುಧವಾರ ಏಳೂಕಾಲಿಗೆ, ಕುಕ್‌ಟೌನಿನ ಶಾಲೆಯ ಊಟದ ಹಾಲಿನಲ್ಲಿ
ಮಧ್ಯಾಹ್ನದ ಸಾಂಬಾರಿನ ವಾಸನೆ ಇನ್ನೂ ಕೂತಿರುತ್ತದೆ.
ಬೆಂಚು ಸರಿಸಿ ನಾವೂ ಕೂರುತ್ತೇವೆ, ಮೂವತ್ತೆಂಟು ಜನ.
ಸೆಲ್ವಿನ್ ಮಾಸ್ತರರು ಕೋಲು ತಟ್ಟುತ್ತಾರೆ.
ನಾನು ಹಿಂದಿನ ಸಾಲು, ಕಂಬದ ಪಕ್ಕ,
ಮೂರನೇ ಕ್ಲಾರಿನೆಟ್.

ನಾಲ್ಕನೆಯದು ಇಲ್ಲ.

ಫೈಲಿನಲ್ಲಿ ಏನಿಲ್ಲ ಹೇಳಿ.
ಮೊದಲಿಗೆ ಮಾರ್ಚು, ಯಾವುದೋ ದಂಡು ಯಾವುದೋ ಯುದ್ಧಕ್ಕೆ ಹೊರಟಾಗಿನದು,
ಗೆದ್ದವರು ಯಾರೆಂದು ಹಾಳೆಯಲ್ಲಿ ಬರೆದಿಲ್ಲ.
ಅದರ ಬೆನ್ನಿಗೇ ವಾಲ್ಟ್ಸು, ಒಂದೆರಡ್ಮೂರು ಒಂದೆರಡ್ಮೂರು,
ನಾವ್ಯಾರೂ ನೋಡದ ನದಿಯೊಂದರ ಮೇಲೆ ದೀಪ ತೇಲಿದ ಹಾಗೆ.
ಆಮೇಲೆ ಕಪ್ಪುಬಿಳುಪಿನ ಕಾಲದ ಒಂದು ಸಿನಿಮಾ ಹಾಡು,
ಮಾಸ್ತರರೇ ರಾತ್ರಿ ಕೂತು ಸ್ವರ ಬರೆದದ್ದು,
ಜೆರಾಕ್ಸಿನಲ್ಲಿ ಕೊನೆಯ ಸಾಲು ಅರ್ಧ ತುಂಡು.
ಕಂಸಾಳೆಯದೊಂದು ಪದ, ಅದರ ಗತ್ತು ಹಿಡಿಯಲು
ಡ್ರಮ್ಮಿನ ಹುಡುಗ ಮೂರು ವಾರ ಒದ್ದಾಡಿದ್ದು.
ಕ್ರಿಸ್‌ಮಸ್ಸಿಗೆ ಐದು, ರಾಜ್ಯೋತ್ಸವಕ್ಕೆ ಎರಡು,
ಗೂಳಿಕಾಳಗದ್ದು ಒಂದು, ಅವತ್ತು ಟ್ರಂಪೆಟ್ಟುಗಳಿಗೆ ಹಬ್ಬ.
ಮತ್ತೆ ಯಾರದೋ ಸಾವಿಗೆ ಬರೆದ ನಿಧಾನದ್ದೊಂದು.
ಅದನ್ನು ನುಡಿಸಿದ ಮೇಲೆ ಕಾಫಿಗೆ ಯಾರೂ ಮೊದಲು ಏಳುವುದಿಲ್ಲ.

ಹಾಡು ಮಾತ್ರ ಯಾವತ್ತೂ ಬೇರೆಯವರದು.
ಹಲ್ಲಿನ ಡಾಕ್ಟರು ಝರೀನಾ ಅವರ ಕೊಳಲಿಗೆ ಅರ್ಧ,
ಮೊದಲನೇ ಕ್ಲಾರಿನೆಟ್ಟಿಗೆ ಮಿಕ್ಕರ್ಧ,
ಎಚ್‌ಎಎಲ್ಲಿನಲ್ಲಿ ರಿವೆಟ್ಟು ಹೊಡೆದು ನಿವೃತ್ತರಾದ ತಿಪ್ಪೇರುದ್ರಪ್ಪನವರ ಹಾರ್ನಿಗೆ
ಅಲ್ಲೊಂದು ಇಲ್ಲೊಂದು ನಿಟ್ಟುಸಿರು.
ದಸ್ತಗೀರ್ ಸಾಬರು ಶಿವಾಜಿನಗರದ ಮದುವೆ ಬ್ಯಾಂಡಿನವರು,
ಮದುಮಗನ ಕುದುರೆಯ ಮುಂದೆ ನಲವತ್ತು ವರ್ಷ ನಡೆದವರು;
ಕೂತು ಊದುವಾಗಲೂ ಕುರ್ಚಿಯಡಿ ಕಾಲು ನಡೆಯುತ್ತಲೇ ಇರುತ್ತದೆ.
ಅವರ ಟ್ಯೂಬಾಕ್ಕೂ ಕೊನೆಗೊಮ್ಮೆ ಸಿಗುತ್ತದೆ
ಒಂದು ಆವರ್ತದ ರಾಜ್ಯಭಾರ.
ನನಗೆ ಪ ಪ ಪ. ಮ ಪ. ಪ ಪ ಪ.
ನಡುವೆ ಏಳು ಆವರ್ತ ಬರೀ ಮೌನ, ಬೆರಳಲ್ಲಿ ಎಣಿಸಬೇಕು,
ತಪ್ಪಿದರೆ ಮಾಸ್ತರರು ನೋಡುತ್ತಾರೆ.
ಬಯ್ಯುವುದಿಲ್ಲ. ನೋಡುತ್ತಾರೆ.

ಮನೆಯಲ್ಲಿ ಅಭ್ಯಾಸ ಅಂದರೂ ಇಷ್ಟೇ.
ವಾರಿಜ ಈರುಳ್ಳಿ ಹೆಚ್ಚುತ್ತಾ ಕೇಳಿದಳು, ‘ಇದು ಯಾವ ಹಾಡು?’
ಮಾರ್ಚು, ಅಂದೆ.
ಮರುವಾರ, ‘ಇದು?’
ವಾಲ್ಟ್ಸು.
‘ಅದೇ ಅಲ್ವಾ?’
ಅಲ್ಲ ಮಾರಾಯ್ತಿ, ಇದಕ್ಕೆ ಮೂರು.
ಆ ಸಿನಿಮಾ ಹಾಡೆಂದರೆ ಅವಳಿಗೆ ಪ್ರಾಣ.
ಪೂರ್ತಿ ನುಡಿಸಿದೆ, ರಿಪೀಟು ಸಮೇತ.
ಕೊನೆತನಕ ಕೇಳಿ ಅಂದಳು,
‘ನೀರಿನ ಮೋಟರು ಆಫ್ ಮಾಡಿದ್ರಾ?’

ಮೂವತ್ತು ವರ್ಷ ಜಲಮಂಡಳಿಯಲ್ಲಿ ಬಿಲ್ಲು ಬರೆದವನು ನಾನು.
ನಲ್ಲಿ ತಿರುಗಿಸಿದವರು ನೀರು ನೋಡುತ್ತಾರೆ, ಪೈಪು ನೋಡುವುದಿಲ್ಲ
ಅಂತ ಸಮಾಧಾನ ಹೇಳಿಕೊಂಡೆ.
ಸಮಾಧಾನ ಆಗಲಿಲ್ಲ.

ಭಾನುವಾರ ಬೆಳಿಗ್ಗೆ ಕಬ್ಬನ್ ಪಾರ್ಕಿನ ಬ್ಯಾಂಡ್‌ಸ್ಟ್ಯಾಂಡು.
ಗಾಳಿಗೆ ಹಾಳೆ ಹಾರದಂತೆ ಬಟ್ಟೆಯ ಕ್ಲಿಪ್ಪು,
ನಮ್ಮ ಮನೆಯ ತಂತಿಯವೇ, ನೀಲಿ ಎರಡು, ಗುಲಾಬಿ ಒಂದು.
ಎದುರಿಗೆ ಓಟ ನಿಲ್ಲಿಸಿದವರು, ನಾಯಿ ತಂದವರು,
ತಲೆಯ ಮೇಲೆ ಮಗು ಕೂರಿಸಿಕೊಂಡ ಒಬ್ಬ,
ಬಿದಿರು ಮೆಳೆಯ ಕಡೆ ಛತ್ರಿ ಫ್ಲಾಸ್ಕಿನ ಜೊತೆ ವಾರಿಜ.
ಮಾರ್ಚಿಗೆ ಮಕ್ಕಳು ಹೆಜ್ಜೆ ಹಾಕಿದವು. ವಾಲ್ಟ್ಸಿಗೆ ನಾಯಿ ಮಲಗಿತು.
ಸಿನಿಮಾ ಹಾಡಿನ ಮೊದಲ ಸಾಲಿಗೇ ಇಡೀ ಹುಲ್ಲುಹಾಸು ಗುನುಗಿತು,
ಬಲೂನಿನವನೂ ತುತ್ತೂರಿ ನಿಲ್ಲಿಸಿ ಕತ್ತು ಕುಣಿಸಿದ.
ನಾನು ಪ ಪ ಪ.

ಆಟೋದಲ್ಲಿ ಮಿನ್ಸ್ಕ್ ಚೌಕ ದಾಟುವತನಕ ಅವಳು ಮಾತಾಡಲಿಲ್ಲ.
ಆಮೇಲೆ, ‘ಎಲ್ಲರೂ ಹಾಡ್ತಿದ್ರು ಕಣ್ರೀ.
ನನಗೆ ಹಾಡೇ ಕೇಳಿಸಲಿಲ್ಲ.
ಅಡಿಯಲ್ಲಿ ನಮ್ಮ ಅಡುಗೆಮನೆ ಕೇಳಿಸ್ತಾ ಇತ್ತು.’
ಸಿಗ್ನಲ್ಲು ಬಿಟ್ಟಿತು.
‘ಎರಡನೇ ಸಲಕ್ಕೆ ಒಂದು ಪ ಬಿಟ್ರಿ.’

ಬಿಟ್ಟಿದ್ದೆ, ಬಲೂನಿನವನನ್ನು ನೋಡುತ್ತಾ.
ಮಾಸ್ತರರೂ ಗಮನಿಸಿರಲಿಲ್ಲ.