ಗೇಟು ಇಳಿಸುವವನು

ಮುನಿರಾಬಾದಿನ ಅಣೆಕಟ್ಟಿನ ಮೇಲೆ
ಇಪ್ಪತ್ತಾರು ಮಳೆಗಾಲ ಗೇಟು ಏರಿಸಿದ
ಕರಿಹನುಮಪ್ಪನ ಬೆರಳು
ಈಗ ಅಂಗಿಯ ಗುಂಡಿ ಹಾಕಲೊಲ್ಲವು.

ಕೊಪ್ಪಳದ ಡಾಕ್ಟರು ರಿಪೋರ್ಟು ತಿರುವಿ ಅಂದರು:
"ಹೊರಗಿಂದ ಬಂದದ್ದಲ್ಲರೀ ಇದು.
ನಿಮ್ಮ ಬಿಳಿ ರಕ್ತಕಣಾನ
ನಿಮ್ಮ ಕೀಲು ಕಡಿಯಾಕತ್ತಾವ.
ಸಾಕು ಬರ್ರೋ ಅನ್ನೋ ಕಣಾನೂ ಇರತಾವ ಒಳಗ,
ಅವರ ಮಾತು ನಡೀವಲ್ದು."

ಅವ ನಕ್ಕ.
"ಏರಿಸೋದು ಯಾರಿಗೂ ಬರತೈತ್ರಿ.
ಸೈರನ್ ಆದಮ್ಯಾಲೆ
ನೀರಿಗೆ ದಾರಿ ಕಲಿಸಬೇಕೇನು?
ಇಳಿಸೋದೈತಲ್ಲ, ಗೇಣು ಗೇಣು,
ಕಬ್ಬಿಣಕ್ಕ ಕಿವಿ ಹಚ್ಚಿ,
ಅದಕ್ಕ ಒಬ್ಬಾವ ಎಚ್ಚರಿರಬೇಕು."

ರಾತ್ರಿ, ಅಂಗಳದ ಹೊರಸಿನ ಮೇಲೆ,
ಬಿಸಿಯೇರಿದ ಮಣಿಕಟ್ಟನ್ನು
ಕಿವಿಗೆ ಒತ್ತಿ ಕೇಳುತ್ತಾನೆ:
ಯಾರದೀರಪ್ಪಾ ಒಳಗ,
ಈ ಪಾಳಿಗೆ?