ಜೂನ್ ಒಂದು

ಇರಕಲ್ಲಗಡದಾಗ ಏಳೂವರಿ ಬಸ್ಸಿಗೆ ಹತ್ತಿದವರು
ನಾವು ಒಂಬತ್ತು ಮಂದಿ.
ಒಂಬತ್ತೂ ಮಂದಿ ಒಂದೇ ದಿನ ಹುಟ್ಟಿದವರು.

ಒಂದೇ ಬಸಿರಿನವರಲ್ಲ.
ಒಂದನೇತ್ತಿಗೆ ಹೆಸರು ಹಚ್ಚುವಾಗ
ತಾರೀಖು ಯಾವುದು ಅಂದರ
ಅವ್ವಂದಿರೆಲ್ಲ ತೊಲಿ ನೋಡಿದರಂತ.
ಕಾದು ಕಾದು ಹೆಡ್‌ಮಾಸ್ತರು
ಕಡೀಕ ತಾವೇ ಹಡೆದರು ನಮ್ಮನ್ನ,
ಒಂದೇ ಹಾಳ್ಯಾಗ, ಸಾಲು ಹಿಡಿದು:
ಜೂನ್ ಒಂದು
ಜೂನ್ ಒಂದು
ಜೂನ್ ಒಂದು.

ನಮ್ಮವ್ವನ ಲೆಕ್ಕ ಬ್ಯಾರೆ.
ಬಿಳಿಜೋಳದ ರಾಶಿ ಇನ್ನಾ ಕಣದಾಗಿತ್ತು,
ಸೂಲಗಿತ್ತಿ ಬರೂದ್ರಾಗ ಅರ್ಧ ಹೊರಗಿದ್ದಿ,
ಹುಟ್ಟಾ ಅವಸರದಾಕಿ ನೀನು, ಅಂತಾಳ.
ಹಂಗಾದರ ನನಗ ಹದಿನೆಂಟು ರಾಶಿಗೇ ತುಂಬೇತಿ.
ಅರ್ಜ್ಯಾಗ ರಾಶಿಗೆ ಕಾಲಂ ಇಲ್ಲ.

ಗಾಡಿ ಹೊಡಿಯೂದೇನು ಇವತ್ತಿಂದಲ್ಲ ಬಿಡ್ರಿ.
ಏಳನೇತ್ತಿನ್ಯಾಗ ಇದ್ದಾಗಲೇ
ಅಪ್ಪನ ಎಕ್ಸೆಲ್ಲಿಗೆ ಎರಡು ಹಾಲಿನ ಕ್ಯಾನು ಬಿಗಿದು
ಡೇರಿ ಮುಟ್ಟಿಸಿ ಬರತಿದ್ದೆ.
ಕಾಲು ನೆಲಕ್ಕ ನಿಲುಕತಿರಲಿಲ್ಲ,
ನಿಲ್ಲಿಸಬೇಕಂದರ ಯಾರದರ ಮನಿ ಕಟ್ಟಿ ಹುಡುಕಬೇಕು.
ಈಗ ಸರ್ಕಾರ ಹೇಳತೈತಿ
ಹುಲಿಗೆಮ್ಮ, ನೀನು ಕಲಿಯಾಕ ಲಾಯಕ್ಕಾದಿ ಅಂತ.

ಕೊಪ್ಪಳದ ಆರ್‌ಟಿಓ ಆಫೀಸು.
ಎದುರಿಗೆ ಝೆರಾಕ್ಸು, ಝೆರಾಕ್ಸಿನ ನೆಳ್ಳಾಗ ಏಜೆಂಟು.
ರಕ್ತದ ಗುಂಪು ಯಾವುದು?
ಕೆಂಪು, ಅಂದ ಮೌನೇಶ.
ಅಪಘಾತದಾಗ ಸತ್ತರ ಕಣ್ಣು, ಕಿಡ್ನಿ ಕೊಡತೀರೇನು?
ಖಾಜಾಹುಸೇನ ಪೆನ್ನು ಕೆಳಗಿಟ್ಟ:
ಇನ್ನಾ ಗಾಡೀನ ಹತ್ತಿಲ್ಲಲೋ ಯಪ್ಪಾ!

ಕಿಟಕಿ ಒಳಗಿನ ಸಾಹೇಬರು ಕೇಳಿದರು
ಗೇರ್ ಇರೂದೋ, ಇಲ್ಲದ್ದೋ?
ಹುಡುಗೇರು ನಾಕು ಮಂದ್ಯಾಗ ಮೂವರು
ಇಲ್ಲದ್ದು ಅಂದಿವಿ.
ಶರಣವ್ವ ಮೆತ್ತಗ,
ಇರೂದು ಅಂದ್ಳು.
ಸಾಹೇಬರು ತಲಿ ಎತ್ತಿ ನೋಡಿದರು.
ಅರ್ಜಿ ಹಿಡಿದ ಕೈಗೆ ಮೊಣಕೈ ತನಕ ಹಸಿರು ಬಳಿ.

ಕಂಪ್ಯೂಟರಿನ್ಯಾಗ ಹದಿನೈದು ಪ್ರಶ್ನೆ.
ಕಿರಿದಾದ ಸೇತುವೆ ಮೇಲೆ
ಎದುರಿನಿಂದ ವಾಹನ ಬಂದರೆ ನೀವು?
ನಮ್ಮ ಹಳ್ಳದ ಮ್ಯಾಲೆ ಆದರ
ಟ್ರ್ಯಾಕ್ಟರಿನವಂದೇ ದಾರಿ,
ನಾವು ಗಾಡಿ ಸಮೇತ ಜಾಲಿಕಂಟ್ಯಾಗ.
ಆ ಉತ್ತರ ಪರದಿ ಮ್ಯಾಲೆ ಇರಲಿಲ್ಲ.
ನಿಲ್ಲಿಸಿ, ಅವರಿಗೆ ಹಾಯಗೊಟ್ಟು, ಆಮೇಲೆ ಹೋಗುವುದು,
ಒತ್ತಿದೆ. ಹಸಿರು ಬಂತು.
ಒಂಬತ್ತರಾಗ ಎಂಟು ಮಂದಿ ಪಾಸು.
ಮೌನೇಶ ದನದ ಚಿತ್ರ ನೋಡಿ
ಮುಂದೆ ಸಂತೆ ಇದೆ ಅಂತ ಒತ್ತಿದ್ದ.

ತಿರುಗಿ ಬರೂವಾಗ ಬಸ್ಸಿನ್ಯಾಗ ಗೊತ್ತಾತು
ಮೂರಕ್ಕ ಶರಣವ್ವನ ಮದುವಿ, ಲಿಂಗಸೂಗೂರಿಗೆ.
ಮಾಘದಾಗೇ ಆಗೂದಿತ್ತಂತ.
ಅಂಗನವಾಡಿ ಟೀಚರು ಅಡ್ಡ ನಿಂತು
ಜೂನ್ ಒಂದು ದಾಟಲಿ ಅಂದಿದ್ದರಂತ.
ಮಾಸ್ತರು ಬರೆದ ಒಂದು ತಾರೀಖು
ಎರಡೆರಡು ಕಡೆ ನಡೆದಿತ್ತು.

ಹಂಗಾದರ ಲೈಸೆನ್ಸ್ ಯಾಕ ಬೇಕಿತ್ತ?
ನಾ ಕೇಳಬಾರದಿತ್ತು, ಕೇಳಿದೆ.
ಆಕಿ ಕಿಟಕಿ ಕಡೆ ನೋಡಕೋತ ಹೇಳಿದ್ಳು:
ಗಾಡಿ ನಮ್ಮಪ್ಪಾನೇ ಕೊಡಾಕತ್ತಾನ,
ಕರೀದು, ನೂರಾ ಇಪ್ಪತ್ತೈದು ಸಿಸಿ.
ಆ ಹುಡುಗಗ ಲೈಸೆನ್ಸ್ ಇಲ್ಲಂತ.

ಬಸ್ಸಿನ್ಯಾಗ ಮೊದಲು ನಕ್ಕಾತ ಖಾಜಾಹುಸೇನ.
ಆಮ್ಯಾಲೆ ಯಾರೂ ನಗಲಿಲ್ಲ.

ಮೂವತ್ತು ದಿನ ಬಿಟ್ಟು ಟ್ರ್ಯಾಕಿಗೆ ಬರ್ರಿ,
ಕಾಲೂರದಂಗ ಎಂಟು ಹೊಡಿಯಾಕ ಕಲೀರಿ,
ಅಂತ ಸಾಹೇಬರು ಹೇಳಿ ಕಳಿಸಿದ್ದರು.
ಯಾವ ಎಂಟು? ಶರಣವ್ವ ಕೇಳಿದ್ಳು.
ಇಂಗ್ಲೀಷಿಂದು, ನಾ ಅಂದೆ,
ಎಲ್ಲಿಂದ ಹೊಂಟಿ ಅಲ್ಲಿಗೇ ಬರತೈತಿ.

ಕಿಟಕಿ ಗಾಜಿಗೆ ಧೂಳು ಕುಂತಿತ್ತು.
ಆಕಿ ಬೆರಳಿಲೆ ನಮ್ಮ ಸಾಲಿ ಎಂಟು ಬರೆದ್ಳು,
೮.
ಬಾಯಿ ಕೂಡಂಗಿಲ್ಲ ಅದು.
ಹಂಗೇ ಹೊಂಟು ಬಿಡತೈತಿ.