ಹೆಪ್ಪು ಹಾಕಿದ ಮೇಲೆ

ಔಲು ಊರಿನಲ್ಲಿ ನವೆಂಬರಿನ ಸೂರ್ಯ
ಮೂರಕ್ಕೆಲ್ಲ ಅಂಗಡಿ ಮುಚ್ಚುತ್ತಾನೆ.
ನೀರು ಸರಬರಾಜು ಕಚೇರಿಯಿಂದ ಸೈಕಲ್ಲಿನಲ್ಲಿ ಬಂದ ಹಿಲ್ಕಾ
ಒದ್ದೆ ಕೈಗವಸು ಹೀಟರಿನ ಮೇಲೆ ಹರವಿ
ನಾಲ್ಕು ಗಾಜಿನ ಬಟ್ಟಲು ತೊಳೆದಳು.
ಹಳೆಯ ವೀಲಿಯ ಒಂದೊಂದು ಚಮಚ ತಳಕ್ಕೆ ಸವರಿ
ಮೇಲೆ ಹಾಲು ಹೊಯ್ದಳು.
ಆ ಚಮಚಕ್ಕೆ ಅವರ ಕಡೆ ಬೀಜ ಅನ್ನುತ್ತಾರೆ,
ನಾವಾದರೆ ಹೆಪ್ಪು.
ಹೆಸರೇನಿದ್ದರೂ ಕಟ್ಟಳೆ ಒಂದೇ:
ಇನ್ನು ಯಾರೂ ಬಟ್ಟಲು ಅಲುಗಿಸಕೂಡದು.

ಅದನ್ನೇ ಬರೆದಳು ಆ ರಾತ್ರಿ
ಒಬ್ಬರನ್ನೊಬ್ಬರು ಕಣ್ಣಾರೆ ಕಾಣದ ಹದಿನೇಳು ಜನಕ್ಕೆ:
ಇಂದಿನಿಂದ ಹೊಸದೇನೂ ಸೇರಿಸುವಂತಿಲ್ಲ.
ಹರಿದದ್ದಿದ್ದರೆ ಹೊಲಿಯಿರಿ, ಅಷ್ಟೇ.
ಇಪ್ಪತ್ತೊಂದರ ಗುರುವಾರ ಬಿಡುಗಡೆ.

ಕಟ್ಟುತ್ತಿರುವುದು ಅರಮನೆಯಲ್ಲ.
ಲಸಿಕೆಯ ಪೆಟ್ಟಿಗೆ ಎಷ್ಟು ತಣ್ಣಗಿದೆಯೆಂದು
ಗಂಟೆಗೊಮ್ಮೆ ಬರೆದಿಡುವ ಒಂದು ಲೆಕ್ಕದ ಪುಸ್ತಕ,
ಯಾರು ಬೇಕಾದರೂ ಬಿಚ್ಚಿ ನೋಡಬಹುದಾದದ್ದು.
ಸಂಬಳ ಯಾರಿಗೂ ಇಲ್ಲ,
ಹಾಗಾಗಿ ಅಪ್ಪಣೆಗೆ ಹಲ್ಲೂ ಇಲ್ಲ.
ಕೇಳಿಕೊಳ್ಳಬೇಕು, ನೆನಪಿಸಬೇಕು,
ನೆನಪಿಸಿದ್ದಕ್ಕೆ ಕ್ಷಮೆ ಕೇಳಬೇಕು.

ಫ್ರಿಜ್ಜಿನ ಬಾಗಿಲಿಗೆ ಪೆನ್ಸಿಲಿನ ಒಂದು ಹಾಳೆ:
ಟೆವಿಟಾ, ನುಕುಅಲೋಫಾ. ನಮಗೆ ರಾತ್ರಿ ಒಂಬತ್ತಾದರೆ ಅವನಿಗೆ ನಾಳೆ ಬೆಳಿಗ್ಗೆ ಎಂಟು.
ಮಿಲ್ಲರಾಯ್, ತೆಮುಕೊ. ನಾಲ್ಕು ಗಂಟೆಗೆ ಮಗಳು ಶಾಲೆಯಿಂದ ಬರುತ್ತಾಳೆ, ಆಗ ಏನೂ ಕೇಳಬೇಡ.
ಜ್ಬಿನ್ಯೆಕ್, ಒಲೊಮೌಟ್ಸ್. ಬರುತ್ತೇನೆಂದರೆ ಬರುವುದಿಲ್ಲ,
ಬರುವುದಿಲ್ಲವೆಂದರೆ ಬಂದು ಕೂತಿರುತ್ತಾನೆ.
ಉಸೈನು, ಸೆನೆಗಲ್. ಫ್ರೆಂಚ್ ಅನುವಾದ. ಹೊಸಬ.

ಎಲ್ಲರ ತುಂಡೂ ಒಂದೇ ದಿನ ಹೊಸ್ತಿಲು ದಾಟಬೇಕು.
ಟೆವಿಟಾನದು ಮುಂಚೆ ಹೊರಟರೆ
ಮಿಲ್ಲರಾಯಳ ಪರದೆಗೆ ಅದರ ಮಾತು ತಿಳಿಯದು;
ಇವಳದು ಮುಂದೆ ಹೋದರೆ
ಕೇಳುವವರಿಲ್ಲದ ಮನೆಯಲ್ಲಿ ಕೂಗಿದ ಹಾಗೆ.

ಬುಧವಾರ ರಾತ್ರಿ ಉಸೈನು ಬರೆದ.
ಮೂರು ಸಾಲು ಬರೀ ಸಂಕೋಚ.
ನಾಲ್ಕನೆಯದರಲ್ಲಿ:
ಮೈನಸ್ ಇಪ್ಪತ್ತು ಇರಬೇಕಾದಲ್ಲಿ
ನನಗೆ ಇಪ್ಪತ್ತು ಕಾಣುತ್ತಿದೆ.

ಅವನ ಕಡತದಲ್ಲಿದ್ದದ್ದು ಉದ್ದ ಗೀಟು,
ಕೋಡಿಗೆ ಪರಿಚಯವಿದ್ದದ್ದು ಗಿಡ್ಡ ಗೀಟು.
ಗುರುತಿಲ್ಲದ್ದನ್ನು ಜಗಲಿಯಲ್ಲೇ ನಿಲ್ಲಿಸಿ
ಅಂಕಿಯೊಂದನ್ನೇ ಒಳಗೆ ಕರೆದಿತ್ತು.
ಕಳೆಯುವ ಗುರುತೇ ಕಳೆದುಹೋಗಿ
ಹಿಮಕ್ಕೆ ಹಿಮವಾಗಿರಬೇಕಾದ ಪೆಟ್ಟಿಗೆ
ಕಾಗದದಲ್ಲಿ ಬೆಚ್ಚಗೆ ಕೂತಿತ್ತು.

ಹಿಲ್ಕಾ ಕಿಟಕಿಯಾಚೆ ನೋಡಿದಳು. ಹನ್ನೊಂದು.
ಈ ಊರಲ್ಲಿ ಚಳಿಗಾಲಕ್ಕೆ ಗೀಟನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.
ಹನ್ನೊಂದು ಅಂದರೆ ಸಾಕು, ಮಕ್ಕಳು ಟೋಪಿ ಹುಡುಕುತ್ತವೆ.
ಅದಕ್ಕೇ, ಅಂದುಕೊಂಡಳು, ನನ್ನ ಕಣ್ಣಿಗೆ ಬೀಳಲಿಲ್ಲ.

ಗುರುವಾರ ಬೇಡ. ಸೋಮವಾರ.
ಎರಡು ಪದ ಬರೆಯಲು ನಲವತ್ತು ನಿಮಿಷ.

ಜ್ಬಿನ್ಯೆಕ್ ಸಿಡಿದ:
ಆಸ್ಪತ್ರೆಗಳಿಗೆಲ್ಲ ಹೇಳಿಯಾಗಿದೆ, ಮುಖ ಎಲ್ಲಿಡಲಿ?
ಟೆವಿಟಾ ಏನೂ ಅನ್ನಲಿಲ್ಲ.
ಇವಳು ಎದ್ದು ಕಾಫಿಗೆ ನೀರಿಡುವಷ್ಟರಲ್ಲಿ
ಅವನ ಹಗಲಿನಿಂದ ಹನ್ನೊಂದು ಸಾಲಿನ ಹೊಲಿಗೆ ಬಂದಿತ್ತು.
ಮಿಲ್ಲರಾಯ್ ಮಗಳನ್ನೇ ಕೂರಿಸಿ
ಇನ್ನೂರು ಅಂಕಿ ಗಟ್ಟಿಯಾಗಿ ಓದಿಸಿದಳು, ಗೀಟು ಸಮೇತ.

ನಾನು ಎಲ್ಲ ಕೆಡಿಸಿದೆನೇ? ಕೇಳಿದ ಉಸೈನು.
ಹಿಲ್ಕಾ ಮೂರು ಉತ್ತರ ಬರೆದು ಅಳಿಸಿದಳು.
ನಾಲ್ಕನೆಯದು:
ನಿನ್ನ ಪೂರ್ತಿ ಹೆಸರಿನ ಕಾಗುಣಿತ ಹೇಳು.
ಕೃತಜ್ಞತೆಯ ಪಟ್ಟಿಯಲ್ಲಿ ತಪ್ಪಾಗಬಾರದು.

ಸೋಮವಾರ ರಾತ್ರಿ ಒಂಬತ್ತು.
ಆಯಿತು, ಅಂದ ತೆಮುಕೊ.
ಆಯಿತು, ಅಂದ ಒಲೊಮೌಟ್ಸ್, ಕ್ಯಾಮೆರಾದ ಮುಂದೆ ಬಿಯರು ಹಿಡಿದು.
ಆಮೇಲೆ ಏನೂ ಆಗಲಿಲ್ಲ.
ಬೀದಿಯಲ್ಲಿ ಹಿಮ ತಳ್ಳುವ ಗಾಡಿ ಹೋಯಿತು.

ಇದು ಮೂರನೆಯ ಸರದಿಯ ಬಟ್ಟಲು.
ತಳದಲ್ಲೊಂದು ಚಮಚ ಉಳಿಸಿ ಹಿಲ್ಕಾ ತಿನ್ನುತ್ತಿದ್ದಾಗ
ಟೆವಿಟಾ ಕೇಳಿದ:
ಇಲ್ಲಿ ಆಗಲೇ ಮಂಗಳವಾರ. ತಾರೀಕು ಯಾವುದು ಹಾಕಲಿ?
ಚಮಚ ಬಾಯಲ್ಲಿಟ್ಟುಕೊಂಡೇ ಟೈಪು ಮಾಡಿದಳು:
ನಿನ್ನದೇ ಹಾಕು.